*ಇಂದಿನ ಧಮ್ಮ ಚಿಂತನೆ: ಮನೆ ಕೊಳ್ಳುವಾಗ ಎರಡನೆಯ ಶೀಲ*



ನಮ್ಮ ಅಧ್ಯಯನ ವಲಯದ ಇಬ್ಬರು ಈಗ ಬೆಂಗಳೂರಿನಲ್ಲಿ ಫ್ಲ್ಯಾಟ್ ನೋಡುತ್ತಿದ್ದಾರೆ. "ಮೇಷ್ಟ್ರೇ, ಹೋದ ವರ್ಷ ನೀವು ಕೊಂಡಿರಲ್ಲ, ಏನೇನು ನೋಡಬೇಕು ಹೇಳಿ" ಎಂದು ಕೇಳಿದರು. ಕಾಗದಪತ್ರಗಳ ಪಟ್ಟಿ ಕೊಡುವುದು ಸುಲಭ. ಆದರೆ ಆ ಪಟ್ಟಿಯ ನಡುವೆಯೇ ಒಂದು ಶೀಲದ ಪ್ರಶ್ನೆ ಎದುರಾಗಿ ನನ್ನನ್ನು ನಿಲ್ಲಿಸಿತ್ತು. ಅದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಅನಾಥಪಿಂಡಿಕನಿಗೆ ಭಗವಾನ್ ಬುದ್ಧರು ಗೃಹಸ್ಥನ ನಾಲ್ಕು ಸುಖಗಳನ್ನು ತಿಳಿಸಿದ ಸುತ್ತ ಅಂಗುತ್ತರ ನಿಕಾಯದಲ್ಲಿದೆ. ದುಡಿದು ಗಳಿಸಿದ್ದು ನಮ್ಮದಾಗಿರುವುದು ಅತ್ಥಿಸುಖ. ಅದನ್ನು ಅನುಭವಿಸುವುದು ಭೋಗಸುಖ. ಯಾರಿಗೂ ಸಾಲಗಾರನಾಗದೆ ಇರುವುದು ಅನಣಸುಖ. ಕಾಯ, ವಾಚಾ, ಮನಸಾ ದೋಷವಿಲ್ಲದೆ ಬದುಕುವುದು ಅನವಜ್ಜಸುಖ. ಮೊದಲಿನ ಮೂರೂ ಈ ನಾಲ್ಕನೆಯದರ ಹದಿನಾರನೆಯ ಒಂದು ಪಾಲಿಗೂ ಸಮವಲ್ಲ ಎನ್ನುತ್ತಾರೆ ಬುದ್ಧರು. ಮನೆ ಕೊಳ್ಳುವವರು ಈ ನಾಲ್ಕನ್ನೂ ಮುಂದಿಟ್ಟುಕೊಂಡು ಯೋಚಿಸಬಹುದು.

*ಅತ್ಥಿಸುಖ.* ನಮ್ಮ ಜನಕ್ಕೆ ಸ್ವಂತ ಮನೆಯ ಆಸೆ ಬರೀ ಆಸೆಯಲ್ಲ. ಹತ್ತೊಂಬತ್ತು ವರ್ಷದಲ್ಲಿ ನಾನು ಐದು ಬಾಡಿಗೆ ಮನೆ ಬದಲಿಸಿದ್ದೇನೆ. ಪ್ರತಿ ಸಲವೂ "ನಾನ್‌ವೆಜ್ ಮಾಡ್ತೀರಾ?" ಎಂದು ಶುರುವಾದ ಮಾತು "ಯಾವ ಕಡೆಯೋರು?" ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ವಿದೇಶದಲ್ಲಿ ಓದಿ ಬರೋಡಾದ ಕೆಲಸಕ್ಕೆ ಬಂದ ಬಾಬಾಸಾಹೇಬರನ್ನು ಪಾರ್ಸಿ ವಸತಿಗೃಹದಿಂದ ಹೊರಹಾಕಿದ್ದು ನಮಗೆಲ್ಲ ಗೊತ್ತು. ಅದೇ ಬಾಬಾಸಾಹೇಬರು 1930ರ ದಶಕದ ಆರಂಭದಲ್ಲಿ ಮುಂಬೈನ ದಾದರ್‌ನಲ್ಲಿ 'ರಾಜಗೃಹ' ಕಟ್ಟಿಸಿ, ಅಲ್ಲಿ ತಮ್ಮ ಪುಸ್ತಕಗಳಿಗೆ ದೊಡ್ಡ ಜಾಗ ಮಾಡಿದರು. ಆದ್ದರಿಂದ ಮನೆಯ ಆಸೆಯನ್ನು ತೃಷ್ಣೆ ಎಂದು ಸುಮ್ಮನೆ ತಳ್ಳಿಹಾಕಬೇಡಿ.

*ಭೋಗಸುಖ.* ಬ್ರೋಕರ್ 1,100 ಚದರಡಿ ಎನ್ನುತ್ತಾನೆ. ಅದರಲ್ಲಿ ಮೆಟ್ಟಿಲು, ಲಿಫ್ಟ್, ಓಣಿ ಎಲ್ಲವೂ ಸೇರಿರುತ್ತದೆ. ನಾವು ನೋಡಿದ ಒಂದು ಫ್ಲ್ಯಾಟ್‌ನಲ್ಲಿ ಕಾಲಿಟ್ಟು ಓಡಾಡುವ ಜಾಗ, ಅಂದರೆ ಕಾರ್ಪೆಟ್ ಏರಿಯಾ, 780 ಮಾತ್ರ ಇತ್ತು. 2016ರ ರೇರಾ ಕಾಯ್ದೆಯ ಪ್ರಕಾರ ಬಿಲ್ಡರ್ ಕಾರ್ಪೆಟ್ ಏರಿಯಾ ತಿಳಿಸಲೇಬೇಕು. ಕರಾರುಪತ್ರ ನೋಂದಣಿ ಆಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಬೇಸಿಗೆಯಲ್ಲಿ ಒಮ್ಮೆ ಹೋಗಿ ನೀರು ಎಲ್ಲಿಂದ ಬರುತ್ತದೆ, ಟ್ಯಾಂಕರ್‌ಗೆ ಎಷ್ಟು ಕೊಡುತ್ತಾರೆ ಎಂದು ಅಲ್ಲಿರುವವರನ್ನೇ ವಿಚಾರಿಸಿ. ನಾವು ವಾಸ್ತು ಕೇಳಲಿಲ್ಲ, ಗಾಳಿ ಬೆಳಕು ಕೇಳಿದೆವು.

*ಅನಣಸುಖ.* 45 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು ಸುಮಾರು 39,000 ರೂಪಾಯಿ. 240 ಕಂತು ಮುಗಿಯುವಾಗ ಕಟ್ಟಿದ್ದು ಸುಮಾರು 94 ಲಕ್ಷ. ಮನೆಯ ಬೆಲೆಗೆ ಈ ಲೆಕ್ಕವನ್ನೂ ಸೇರಿಸಿ ನೋಡಿ. ಕಂತು ಕಟ್ಟಿದ ಮೇಲೆ ಮಕ್ಕಳ ಓದಿಗೆ, ಕಾಯಿಲೆ ಕಸಾಲೆಗೆ, ಒಂದಿಷ್ಟು ದಾನಕ್ಕೆ ಉಳಿಯದಿದ್ದರೆ ಇನ್ನೂ ಚಿಕ್ಕ ಮನೆ ನೋಡುವುದೇ ಜಾಣತನ.

*ಅನವಜ್ಜಸುಖ.* ಇಲ್ಲಿಯೇ ನಾನು ಎಡವಲಿದ್ದೆ.

ನಗರದ ಹೊರಭಾಗದಲ್ಲಿ ಒಂದು ಫ್ಲ್ಯಾಟ್ ನಮಗೆ ತುಂಬಾ ಹಿಡಿಸಿತು. ಪೂರ್ವಕ್ಕೆ ಬಾಲ್ಕನಿ, ಮಗಳಿಗೊಂದು ಕೋಣೆ, ಬೇರೆ ಕಡೆಗಿಂತ ಒಂಬತ್ತು ಲಕ್ಷ ಕಡಿಮೆ. ಅಡ್ವಾನ್ಸ್ ಕೊಡುವ ಮುನ್ನ ಕಾಗದಗಳನ್ನು ನಮ್ಮ ವಲಯದ ವಕೀಲೆ ತಂಗಿಗೆ ತೋರಿಸಿದೆ. ಆಕೆ ಹಿಂದಕ್ಕೆ ಹಿಂದಕ್ಕೆ ಓದುತ್ತಾ ಹೋಗಿ ಒಂದು ಸಾಗುವಳಿ ಚೀಟಿಯ ನಕಲಿನ ಹತ್ತಿರ ನಿಂತಳು. "ಅಣ್ಣಾ, ಇದು ಪರಿಶಿಷ್ಟ ಜಾತಿಯವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು. ಹದಿನೈದು ವರ್ಷ ಪರಭಾರೆ ಮಾಡಬಾರದು ಅಂತ ಷರತ್ತಿದೆ. ಆರನೇ ವರ್ಷಕ್ಕೇ ಮಾರಾಟ ಆಗಿದೆ."

ನಮ್ಮ ರಾಜ್ಯದಲ್ಲಿ ಇದಕ್ಕೆಂದೇ 1978ರ ಪಿಟಿಸಿಎಲ್ ಕಾಯ್ದೆ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಷರತ್ತು ಮೀರಿ ಮಾರಿದ್ದರೆ ಆ ಮಾರಾಟ ಅನೂರ್ಜಿತ. ಕಾಯ್ದೆ ಬಂದ ಮೇಲಂತೂ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವ ಹಾಗೇ ಇಲ್ಲ. ಉಪವಿಭಾಗಾಧಿಕಾರಿ ಅದನ್ನು ವಶಕ್ಕೆ ಪಡೆದು ಮೂಲ ಮಂಜೂರಾತಿದಾರರಿಗೆ ಅಥವಾ ವಾರಸುದಾರರಿಗೆ ಮರಳಿಸಬಹುದು. ತಡವಾಗಿ ಬಂದಿರಿ ಎಂದು ಎಷ್ಟೋ ಅರ್ಜಿಗಳು ಬಿದ್ದುಹೋಗುತ್ತಿದ್ದವು. ಅರ್ಜಿ ಹಾಕಲು ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿ ತರಲಾಯಿತು.

ಬ್ರೋಕರ್‌ಗೆ ಫೋನ್ ಮಾಡಿ ಹೇಳಿದೆ. ಅವನು ನಕ್ಕ. "ಎಲ್ಲೋ ಕೂಲಿಗೆ ಹೋಗಿರ್ತಾರೆ ಸಾರ್, ಯಾರು ಬರ್ತಾರೆ? ನೀವೂ ಅವರ ಪೈಕಿನೇ ಅಂತೀರಲ್ಲ, ನಿಮ್ಮೋರ ಭೂಮಿ ನಿಮಗೇ ಬಂದಂಗಾಯ್ತು ಬಿಡಿ!"

ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ: ಆ ಮಾತು ನನಗೆ ಹಿತವಾಯಿತು. ಎರಡು ರಾತ್ರಿ ಅದನ್ನೇ ಚಪ್ಪರಿಸಿದೆ. ಹೆಂಡತಿಯೂ "ಒಂಬತ್ತು ಲಕ್ಷ ಅಂದ್ರೆ ಮಗಳ ಓದು ಕಣ್ರೀ" ಎಂದಳು. ಸುಳ್ಳೇನಲ್ಲ. ಮೂರನೆಯ ದಿನ ಸೊಪ್ಪು ಬಿಡಿಸುತ್ತಾ ಕೂತಿದ್ದ ಅವ್ವ ತಲೆ ಎತ್ತದೆ ಅಂದಳು: "ನಿಮ್ ತಾತನ ದರಖಾಸ್ತು ಹೊಲ ಬರೆಸ್ಕಂಡೋನೂ ಹಿಂಗೇ ಲೆಕ್ಕ ಹಾಕಿರ್ತಾನೆ ಕಣಪ್ಪ."

ನಮ್ಮ ತಾತನಿಗೆ ಎರಡು ಎಕರೆ ಮಂಜೂರಾಗಿತ್ತು. ಅತ್ತೆಯ ಮದುವೆಗೆ ತಂದ ಸಾಲಕ್ಕೆ ಹೆಬ್ಬೆಟ್ಟು ಒತ್ತಿ ಕಳಕೊಂಡ. ಆಮೇಲೆ ಅದೇ ಹೊಲಕ್ಕೆ ಕೂಲಿಗೆ ಹೋದ.

ಅದಿನ್ನಾದಾನ ಎಂದರೆ ಕಳ್ಳತನ ಎಂದಷ್ಟೇ ನಾವು ಅರ್ಥ ಹೇಳುತ್ತೇವೆ. ಪದ ಬಿಡಿಸಿ ನೋಡಿ. ದಿನ್ನ ಎಂದರೆ ಕೊಟ್ಟದ್ದು, ಅದಿನ್ನ ಎಂದರೆ ಕೊಡದೇ ಇದ್ದದ್ದು, ಆದಾನ ಎಂದರೆ ತೆಗೆದುಕೊಳ್ಳುವುದು. ಕೊಡದೇ ಇದ್ದದ್ದನ್ನು ತೆಗೆದುಕೊಳ್ಳುವುದು. ಕಷ್ಟಕ್ಕೆ ಸಿಕ್ಕವನ ಕೈ ಹಿಡಿದು ಒತ್ತಿಸಿದ ಹೆಬ್ಬೆಟ್ಟು 'ಕೊಟ್ಟದ್ದು' ಆದೀತೆ? ಅದು ಎಷ್ಟು ಕೈ ದಾಟಿ ಬಂದರೂ, ತಿಳಿದೂ ತೆಗೆದುಕೊಳ್ಳುವ ಕೈ ನನ್ನದಾದರೆ ಶೀಲ ನನ್ನದೇ ಮುರಿಯುತ್ತದೆ. ಕೊಳ್ಳುವವನ ಜಾತಿ ನೋಡಿ ಶೀಲ ರಿಯಾಯಿತಿ ಕೊಡುವುದಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ಇಂಥ ಜಾಗದಲ್ಲಿ ತಿಳಿಯದೆ ಮನೆ ಕೊಂಡು ಕಂತು ಕಟ್ಟುತ್ತಿರುವ ಸಂಸಾರಗಳಿವೆ, ನಮ್ಮವರೂ ಇದ್ದಾರೆ. ಅವರನ್ನು ದೂರುವುದು ಧಮ್ಮವಲ್ಲ. ಚೇತನವೇ ಕಮ್ಮ ಎಂದರು ಬುದ್ಧರು. ಅವರು ಒಳ್ಳೆಯ ವಕೀಲರನ್ನು ಕಾಣಲಿ. ನನಗೋ, ತಿಳಿದಿತ್ತು.

ನಾವು ಅದನ್ನು ಬಿಟ್ಟೆವು. ಹನ್ನೆರಡು ವರ್ಷ ಹಳೆಯ, ಚಿಕ್ಕ, ಎರಡು ಕೋಣೆಯ ಫ್ಲ್ಯಾಟ್ ಕೊಂಡೆವು. ಶಾಲೆಗೆ ಎರಡು ಬಸ್ಸು. ಬಾಲ್ಕನಿಯಿಂದ ಕಾಣುವುದು ಪಕ್ಕದ ಗೋಡೆ. ಮಗಳು ಒಂದು ವಾರ ಮುನಿಸಿಕೊಂಡಿದ್ದಳು.

ಬಿಟ್ಟರೆ ಮುಗಿಯಿತೆ? "ನೀವು ಕೊಳ್ಳಲಿಲ್ಲ, ಇನ್ನೊಬ್ಬರು ಕೊಳ್ತಾರೆ. ಆ ವಾರಸುದಾರರಿಗೆ ಹೇಳೋರು ಯಾರಣ್ಣಾ?" ಎಂದಳು ವಕೀಲೆ ತಂಗಿ. ಒಂದು ಭಾನುವಾರ ಇಬ್ಬರೂ ಆ ಊರಿನ ಕೇರಿಗೆ ಹೋಗಿ, ಮನೆ ಹುಡುಕಿ, ಕಾಗದದ ನಕಲು ಕೊಟ್ಟು, ಓದಿ ಹೇಳಿ ಬಂದೆವು. ಅರ್ಜಿ ಹಾಕುವುದು ಬಿಡುವುದು ಅವರ ತೀರ್ಮಾನ.

*ಇಂದಿನ ಅಭ್ಯಾಸ*
1. ಮೂಲ ಮಂಜೂರಾತಿಯಿಂದ ಇಂದಿನವರೆಗಿನ ಎಲ್ಲ ಪತ್ರ, ಇ.ಸಿ., ಖಾತಾ, ಒ.ಸಿ., ರೇರಾ ನೋಂದಣಿ ಸಂಖ್ಯೆ ಕೇಳಿ ಪಡೆಯಿರಿ. ಪಿಟಿಸಿಎಲ್ ಪ್ರಕರಣ ಇಲ್ಲವೆಂಬ ಉಪವಿಭಾಗಾಧಿಕಾರಿ ಕಚೇರಿಯ ಹಿಂಬರಹವನ್ನೂ ಕೇಳಿ. ಪ್ರಕರಣ ಇಲ್ಲ ಎಂದ ಮಾತ್ರಕ್ಕೆ ಅನ್ಯಾಯ ಆಗಿಲ್ಲ ಎಂದಲ್ಲ, ಮಂಜೂರಾತಿಯ ಷರತ್ತನ್ನೂ ಓದಿಸಿ.
2. ನಿಮ್ಮ ಮನೆಯಲ್ಲಿ ಕಳೆದುಹೋದ ಮಂಜೂರಾತಿ ಜಮೀನಿದೆಯೇ? ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.
3. ಇಂದು ಎರಡನೆಯ ಶೀಲ ಹೇಳುವಾಗ ಒಂದು ನಿಮಿಷ ನಿಂತು, ನನ್ನ ಕೈಯಲ್ಲಿರುವುದರಲ್ಲಿ ಕೊಡದೇ ಇದ್ದದ್ದು ಯಾವುದು ಎಂದು ನೋಡಿಕೊಳ್ಳಿ.

ಭವತು ಸಬ್ಬ ಮಂಗಲಂ. ಜೈ ಭೀಮ್. 🙏