ಚಾರ್ಜರ್ ಸಮೇತ ತೂಕ ಮಾಡಿಸ್ರಿ

ಹದಿನಾಲ್ಕು ವರ್ಷದಿಂದ ನನ್ನ ಹೊಟ್ಟೆಪಾಡು ಹಳ್ಳಿ ಸಹಕಾರ ಸಂಘಗಳ ಕಿರ್ದಿ–ಖತಾವಣಿ. ಕಾರ್ಯದರ್ಶಿ ಬರೆದಿಟ್ಟ ಲೆಕ್ಕ ತಾಳೆ ನೋಡಿ, ಜಮಾ–ಖರ್ಚು, ಅಢಾವೆ ಪತ್ರಿಕೆ ತಯಾರಿಸಿ ಆಡಿಟ್‌ಗೆ ಸಜ್ಜು ಮಾಡಿಕೊಡುತ್ತೇನೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ನ ಮಹಾಸಭೆ ಮುಗಿಯುವವರೆಗೆ ತಿರುಗಾಟವೇ ತಿರುಗಾಟ: ಇವತ್ತು ಶಲವಡಿ, ನಾಳೆ ಸಂಶಿ, ನಾಡಿದ್ದು ತಬಕದಹೊನ್ನಳ್ಳಿ.

ಈ ಕಸುಬಿನ ತವರು ನಮ್ಮ ಮಗ್ಗಲಲ್ಲೇ ಇದೆ. ಅಣ್ಣಿಗೇರಿಯಿಂದ ಗದಗ ದಾಟಿದರೆ ಕಣಗಿನಹಾಳ. ಏಷ್ಯಾದಲ್ಲೇ ಮೊದಲನೆಯದು ಎಂದು ಹೆಸರಾದ ಕೃಷಿ ಪತ್ತಿನ ಸಂಘ ಹುಟ್ಟಿದ್ದು ಅಲ್ಲಿ, 1905ರಲ್ಲಿ. ದೇಶದ 63,000 ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಸಂಘದಲ್ಲೇ ಕಂಪ್ಯೂಟರ್ ಇದ್ದ ಮೇಲೆ ನೀವ್ಯಾಕೆ ಹೊತ್ತು ತಿರುಗುತ್ತೀರಿ ಎಂದು ಕೇಳುವವರಿದ್ದಾರೆ. ಅದರ ಮುಂದೆ ಕಾರ್ಯದರ್ಶಿ ಕೂತಿರುತ್ತಾನೆ, ಅವನ ಮುಂದೆ ಸಾಲದ ಕಾಗದ ಹಿಡಿದ ರೈತರ ಪಾಳಿ ಇರುತ್ತದೆ. ನನ್ನ ಕೆಲಸಕ್ಕೆ ನನ್ನದೇ ಯಂತ್ರ ಬೇಕು. ಇದುವರೆಗೆ ನಾಲ್ಕು ಕೊಂಡಿದ್ದೇನೆ, ಎರಡು ಸಲ ಮೋಸಹೋಗಿದ್ದೇನೆ.

1. ಲ್ಯಾಪ್‌ಟಾಪ್ ತೂಗಬೇಡಿ, ಬ್ಯಾಗು ತೂಗಿರಿ

ನನ್ನ ಮೊದಲನೆಯದು 15.6 ಇಂಚಿನದು. ಎರಡು ಕೆಜಿ ಚಿಲ್ಲರೆ ಎಂದಿದ್ದ ಅಂಗಡಿಯವ. ಒಂದು ದಿನ ಅಣ್ಣಿಗೇರಿಯ ಕಿರಾಣಿ ಅಂಗಡಿ ಕಟ್ಟೆಯ ಮೇಲೆ ಬಸ್ಸಿಗೆ ಕಾಯುತ್ತ ಕೂತಾಗ ಸುಮ್ಮನೆ ಬ್ಯಾಗನ್ನು ತಕ್ಕಡಿಯ ಮೇಲಿಟ್ಟೆ. 4 ಕೆಜಿ 350 ಗ್ರಾಂ! ಇಟ್ಟಿಗೆಯಂಥ ಚಾರ್ಜರ್, ಅದರ ದಪ್ಪ ವಾಯರ್, ಮೌಸು, ಸಂಘದ ಪ್ಲಗ್ ದೂರ ಇರುತ್ತದೆಂದು ಎಕ್ಸ್‌ಟೆನ್ಷನ್ ಬೋರ್ಡು. ಅಂಗಡಿಯ ಅಜ್ಜ ನಕ್ಕ: “ತಮ್ಮಾ, ಇಷ್ಟ ತೂಕದ ಜ್ವಾಳ ಒಯ್ದಿದ್ರ ಮನ್ಯಾಗ ನಾಕ ದಿನದ ರೊಟ್ಟಿ ಆಗ್ತಿತ್ತು.”

ಈಗಿನದು 14 ಇಂಚು, 1.3 ಕೆಜಿ. ಬ್ಯಾಗಿನ ಒಟ್ಟು ತೂಕ ಎರಡು ಕೆಜಿಯ ಆಸುಪಾಸು. ಕಡಿಮೆಯಾದ ಎರಡು ಕೆಜಿ ಚಿಲ್ಲರೆಯಲ್ಲಿ ಯಂತ್ರದಿಂದ ಇಳಿದದ್ದು ಅರ್ಧಕ್ಕಿಂತ ಕಡಿಮೆ. ಮಿಕ್ಕಿದ್ದೆಲ್ಲ ಮನೆಯಲ್ಲೇ ಬಿಟ್ಟುಬರಲು ಸಾಧ್ಯವಾದ ಸಾಮಾನಿನದು. ಯಾವ ಲ್ಯಾಪ್‌ಟಾಪ್ ಕೊಂಡರೆ ಏನೇನು ಮನೆಯಲ್ಲಿ ಬಿಡಬಹುದು? ನಾನೀಗ ಕೇಳುವ ಮೊದಲ ಪ್ರಶ್ನೆ ಅದು.

2. ಮೊಬೈಲಿನ ವಾಯರಿನಿಂದ ಚಾರ್ಜ್ ಆಗಬೇಕು

ಟೈಪ್–ಸಿ ಕಿಂಡಿ ಇದ್ದ ಮಾತ್ರಕ್ಕೆ ಅದರಿಂದ ಚಾರ್ಜ್ ಆಗುತ್ತದೆ ಎಂದಲ್ಲ. ನಾನು ಮೋಸಹೋದ ಒಂದು ಸಲ ಇದೇ. ಕೆಲವು ಯಂತ್ರಗಳಲ್ಲಿ ಆ ಕಿಂಡಿ ಕಡತ ಸಾಗಿಸಲಿಕ್ಕೆ ಮಾತ್ರ. ವಿದ್ಯುತ್ತಿಗೆ ಬೇರೆ ಗುಂಡು ಪಿನ್ನು. ಅಂಗಡಿಯಲ್ಲೇ 45 ಅಥವಾ 65 ವ್ಯಾಟ್‌ನ ಟೈಪ್–ಸಿ ಚಾರ್ಜರ್ ಚುಚ್ಚಿ, ಬ್ಯಾಟರಿಯ ಚಿತ್ರದಲ್ಲಿ ಮಿಂಚು ಮೂಡುವುದನ್ನು ಕಣ್ಣಾರೆ ನೋಡಿರಿ. ಅಂಗೈಯಗಲದ ಆ ಒಂದೇ ಚಾರ್ಜರ್ ಫೋನಿಗೂ ಆಗುತ್ತದೆ.

ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ತ್ರೀ ಫೇಸ್ ಬಂದರೆ ಊರೆಲ್ಲ ಪಂಪ್‌ಸೆಟ್ಟಿನ ಕಡೆ ಓಡುತ್ತದೆ, ಗಾಳಿ–ಮಳೆಗೆ ಲೈನು ಹೋದರೆ ಸಂಜೆತನಕ ಇಲ್ಲ. ಹಾಗಾಗಿ ಲೆಕ್ಕ ಹಾಕಿಕೊಳ್ಳಿ. ಸಣ್ಣ ಲ್ಯಾಪ್‌ಟಾಪಿನ ಬ್ಯಾಟರಿ ಸಾಮಾನ್ಯವಾಗಿ 45ರಿಂದ 60 ವ್ಯಾಟ್–ಅವರ್ ಇರುತ್ತದೆ. ಖತಾವಣಿ, ಟೈಪಿಂಗ್‌ನಂಥ ಕೆಲಸಕ್ಕೆ ಯಂತ್ರ ಸರಾಸರಿ 7 ವ್ಯಾಟ್ ಎಳೆದರೆ 50ರ ಬ್ಯಾಟರಿ ಏಳು ಗಂಟೆ ಬರುತ್ತದೆ. ಬಿಸಿಲಿಗೆ ಪರದೆಯ ಬೆಳಕು ಏರಿಸಿ 10 ಎಳೆದರೆ ಐದೇ ಗಂಟೆ. ಡಬ್ಬದ ಮೇಲೆ ಬರೆದ ಹದಿನೈದು–ಹದಿನೆಂಟು ತಾಸು ಯಾವ ಊರಿನ ತಾಸೋ ನಾ ಕಾಣೆ.

20,000 ಎಂಎಎಚ್ ಪವರ್‌ಬ್ಯಾಂಕ್ ಎಂದರೆ 3.7 ವೋಲ್ಟಿಗೆ ಗುಣಿಸಿ 74 ವ್ಯಾಟ್–ಅವರ್. ಸೋರಿಕೆ ಕಳೆದು ಕೈಗೆ ಸಿಗುವುದು 55–60. ಅಂದರೆ ಲ್ಯಾಪ್‌ಟಾಪನ್ನು ಒಂದು ಸಲ ತುಂಬಿಸುವಷ್ಟು. ಆದರೆ ಅದು 45 ವ್ಯಾಟ್ ಆದರೂ ಕೊಡುವಂಥದಾಗಿರಬೇಕು. ಬರೀ ಮೊಬೈಲಿಗೆಂದು ಮಾಡಿದ್ದು ಇಲ್ಲಿ ಕುಂಟುತ್ತದೆ.

3. ಬೇವಿನ ಗಿಡದ ಕೆಳಗೆ ಪರದೆ ಕಾಣಬೇಕು

ಬೇಸಿಗೆ ಮಧ್ಯಾಹ್ನ ಪತ್ರಾಸಿನ ಚಾವಣಿಯ ಸಂಘದ ಖೋಲಿಯಲ್ಲಿ ಕೂಡುವುದು ಬಿಸಿ ಹಂಚಿನ ಮೇಲೆ ಕೂತಂತೆ. ಎಲ್ಲರೂ ಪಡಸಾಲೆಗೋ ಗಿಡದ ಬುಡಕ್ಕೋ ಬರುತ್ತಾರೆ, ನಾನೂ ಬರುತ್ತೇನೆ. ಅಲ್ಲಿ ಫಳಫಳ ಹೊಳೆಯುವ ಪರದೆಯಲ್ಲಿ ನನ್ನ ಮುಖ, ಹಿಂದಿನ ಟ್ರ್ಯಾಕ್ಟರ್, ಅದರ ಮೇಲಿನ ಹುಡುಗ ಎಲ್ಲ ಕಾಣುತ್ತಿದ್ದರು, ಅಂಕಿಯೊಂದನ್ನು ಬಿಟ್ಟು. 3ನ್ನು 8 ಎಂದು ಓದಿ ಒಂದು ಸಾಲದ ಖಾತೆಯಲ್ಲಿ ಐದು ಸಾವಿರ ಹೆಚ್ಚಾಯಿತು. ಆ ವ್ಯತ್ಯಾಸ ಹುಡುಕಲು ರಾತ್ರಿ ಹನ್ನೊಂದಾಯಿತು.

ಹೊಳಪಿಲ್ಲದ ಮ್ಯಾಟ್ ಪರದೆ ನೋಡಿ ಕೊಳ್ಳಿರಿ. ಬೆಳಕಿನ ಅಳತೆ ನಿಟ್ಸ್. ಅಗ್ಗದವು 250ರ ಸುತ್ತ ಇರುತ್ತವೆ. ನೆರಳಲ್ಲಿ ಕೂತು ಕೆಲಸ ಮಾಡಲು 400 ಇದ್ದರೆ ಕಣ್ಣು ಉಳಿಯುತ್ತವೆ. ಅಂಗಡಿಯವನಿಗೆ ಹೇಳಿ ಯಂತ್ರವನ್ನು ಬಾಗಿಲ ಹೊರಗೆ ತಂದು ತೋರಿಸಿಕೊಳ್ಳಿ.

4. ತೀರ ಸಣ್ಣದೂ ಬೇಡ

ನನ್ನ ಎರಡನೆಯ ತಪ್ಪು. ನಾಲ್ಕು ಕೆಜಿ ಹೊತ್ತು ಸಾಕಾಗಿ ಹತ್ತು ಇಂಚಿನ ನೆಟ್‌ಬುಕ್ ತಂದೆ. ಅಂಥವುಗಳ ಹುಚ್ಚು ಹಬ್ಬಿಸಿದ್ದು 2007ರ ಏಸಸ್ ಈ ಪಿಸಿ. ಅದರ ಪರದೆ ಏಳೇ ಇಂಚು. ಅದಕ್ಕೂ ಮೊದಲೇ ಬೆಂಗಳೂರಿನ ವಿಜ್ಞಾನಿಗಳು, ಎಂಜಿನಿಯರುಗಳು ಕೂಡಿ ಹಳ್ಳಿಯವರಿಗೆಂದೇ ಅಂಗೈಯಲ್ಲಿ ಹಿಡಿಯುವ ಸಿಂಪ್ಯೂಟರ್ ರೂಪಿಸಿದ್ದರು. 2004ರಲ್ಲಿ ಅದರ ಒಂದು ಮಾದರಿ ‘ಅಮಿಡಾ’ ಹೆಸರಲ್ಲಿ ಮಾರಾಟಕ್ಕೂ ಬಂತು. ಹೊತ್ತಿಗಿಂತ ಮುಂಚೆ ಬಂದು ಹೊರಟುಹೋದ ನೆಂಟ ಅದು.

ಸಣ್ಣದರ ತೊಂದರೆ ಕೀಲಿಮಣೆಯಲ್ಲಿ. ನುಡಿ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ‘ಎಫ್’ ಕೀಲಿ ಬೇಕು. ಹುಬ್ಬಳ್ಳಿ ಎಂದು ಹೊಡೆಯಲು ಎರಡು ಸಲ, ಅಣ್ಣಿಗೇರಿಗೆ ಒಂದು ಸಲ. ಮಹಾಸಭೆಯ ಠರಾವು ಒಂದು ಪುಟ ಹೊಡೆಯುವಷ್ಟರಲ್ಲಿ ಎಡಗೈ ತೋರುಬೆರಳು ಅದರ ಮೇಲೆ ನೂರಾರು ಸಲ ಬಿದ್ದಿರುತ್ತದೆ. ನೆಟ್‌ಬುಕ್ಕಿನ ಕುಗ್ಗಿದ ಕೀಲಿಗಳ ಮೇಲೆ ‘ಎಫ್’ ಬದಲು ‘ಡಿ’ ಬಿದ್ದು ಹುಬ್ಬಳ್ಳಿ ಏನೇನೋ ಆಗುತ್ತಿತ್ತು. ವರ್ಷದೊಳಗೆ ಆ ಕೀಲಿಯ ಮೇಲಿನ ಅಕ್ಷರವೂ ಅಳಿಸಿತು. ಹದಿಮೂರರಿಂದ ಹದಿನಾಲ್ಕು ಇಂಚಿನಲ್ಲಿ ಕೀಲಿಗಳು ಪೂರ್ತಿ ಅಳತೆಯವು ಇರುತ್ತವೆ. ಕೊಳ್ಳುವ ಮುಂಚೆ ನಿಮ್ಮ ಊರಿನ ವಿಳಾಸ ಕನ್ನಡದಲ್ಲಿ ಹತ್ತು ಸಲ ಹೊಡೆದು ನೋಡಿರಿ.

5. ಒಳಗಿನದು ಆಮೇಲೆ ಬೆಳೆಯುವುದಿಲ್ಲ

ತೆಳ್ಳಗಿನ ಯಂತ್ರಗಳಲ್ಲಿ ರ‍್ಯಾಮ್ ಅನ್ನು ಹೆಚ್ಚಾಗಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ‘ಸದ್ಯ 8 ಸಾಕು, ಆಮೇಲೆ ಹಾಕಿಸೋಣ’ ಎಂಬ ಮಾತು ಅಲ್ಲಿ ನಡೆಯದು. ಕೈ ಬಿಗಿ ಇದ್ದರೂ 16 ಜಿಬಿ ನೋಡಿ. 64 ಜಿಬಿ ಇಎಂಎಂಸಿ ಇರುವ ಅಗ್ಗದ ಯಂತ್ರದ ತಂಟೆಗೆ ಹೋಗಬೇಡಿ. ವಿಂಡೋಸ್ ಅಪ್‌ಡೇಟ್ ಬಂದ ದಿನ ಅದು ಊಟ ಹೆಚ್ಚಾದ ಬೀಗರಂತೆ ಕೂತುಬಿಡುತ್ತದೆ.

6. ನಿಮ್ಮ ಕಸುಬಿನ ಕೀಲಿಕೈ ಹಿಡಿಸಬೇಕು

ಡಿಜಿಟಲ್ ಸಹಿಯ ಟೋಕನ್ನು, ಪೆನ್‌ಡ್ರೈವು, ಸಂಘದ ಹಳೆಯ ಪ್ರಿಂಟರು ಎಲ್ಲವೂ ಅಗಲ ಯುಎಸ್‌ಬಿಯವು. ಅಂಥ ಒಂದು ಕಿಂಡಿಯಾದರೂ ಇರಲಿ. ಕ್ರೋಮ್‌ಬುಕ್ ಹಗುರ, ಅಗ್ಗ, ಮಕ್ಕಳ ಓದಿಗೆ ಚಲೋ. ಆದರೆ ವಿಂಡೋಸಿಗೆಂದು ಮಾಡಿದ ಟ್ಯಾಲಿ, ನುಡಿ ಅದರಲ್ಲಿ ನೇರವಾಗಿ ಕೂಡುವುದಿಲ್ಲ. ಹೊಸ ಆರ್ಮ್ ಚಿಪ್ಪಿನ ವಿಂಡೋಸ್ ಯಂತ್ರಗಳ ಬ್ಯಾಟರಿ ಮೆಚ್ಚುವಂಥದು. ಆದರೂ ನಿಮ್ಮ ಟೋಕನ್ನಿಗೆ ಅದರಲ್ಲಿ ಡ್ರೈವರ್ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳದೆ ದುಡ್ಡು ಕೊಡಬೇಡಿ.

7. ಎರಿ ಧೂಳು, ಕಲಘಟಗಿ ಮಳೆ

ನವಲಗುಂದ ಕಡೆಯ ಎರಿ ಮಣ್ಣು ಒಣಗಿದರೆ ಹಿಟ್ಟು. ಫ್ಯಾನಿರುವ ಯಂತ್ರ ಅದನ್ನು ಎಳೆದುಕೊಳ್ಳುತ್ತದೆ. ನನ್ನ ಹಳೆಯದನ್ನು ಬಿಚ್ಚಿದಾಗ ಫ್ಯಾನಿನ ರೆಕ್ಕೆಗೆ ಕಪ್ಪು ಕಂಬಳಿ ಹೊದಿಸಿದಂತಿತ್ತು. ವರ್ಷಕ್ಕೊಮ್ಮೆ ಬಿಚ್ಚಿಸಿ ಊದಿಸಿ. ಬರೀ ಲೆಕ್ಕ–ಟೈಪಿಂಗ್ ಇದ್ದವರಿಗೆ ಫ್ಯಾನಿಲ್ಲದ ಮಾದರಿಯೂ ಸಾಕು.

ಕಲಘಟಗಿ ಕಡೆ ಜಿಟಿಜಿಟಿ ಮಳೆ. ಬ್ಯಾಗಿನ ಮೇಲೆ ರೇನ್‌ಕವರ್ ಇದ್ದರೂ ಬೆನ್ನ ಕಡೆಯಿಂದ ನೀರು ಇಳಿಯುತ್ತದೆ. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ತೊಳೆದು ಒಣಗಿಸಿ ಲ್ಯಾಪ್‌ಟಾಪನ್ನು ಅದರಲ್ಲಿ ಸುತ್ತಿ ಇಡುತ್ತೇನೆ. ಅದಕ್ಕಿಂತ ಭದ್ರವಾದದ್ದು ಅಂಗಡಿಯಲ್ಲಿ ನನಗೆ ಸಿಕ್ಕಿಲ್ಲ.

8. ಸೆಕೆಂಡ್‌ಹ್ಯಾಂಡಿಗೆ ನಾಚಬೇಡಿ

ಈಗ ನನ್ನ ಬೆನ್ನಮೇಲಿರುವುದು ಹೊಸದಲ್ಲ. ದೊಡ್ಡ ಕಂಪನಿಗಳು ಮೂರು–ನಾಲ್ಕು ವರ್ಷ ಬಳಸಿ ಬಿಡುವ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ನಂಥವು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಅದೇ ದುಡ್ಡಿನ ಹೊಸ ಪ್ಲಾಸ್ಟಿಕ್ ಯಂತ್ರಕ್ಕಿಂತ ಮೈಗಟ್ಟು ಗಟ್ಟಿ, ಕೀಲಿಮಣೆ ಮೇಲು. ನೋಡಬೇಕಾದ್ದು ಎರಡೇ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಆದ್ದರಿಂದ 11 ಅಧಿಕೃತವಾಗಿ ಕೂಡುವಂಥದ್ದೇ ಬೇಕು. ಇಂಟೆಲ್ ಆದರೆ ಎಂಟನೆಯ ತಲೆಮಾರು ಅಥವಾ ಆಮೇಲಿನದು. ಇನ್ನೊಂದು, ಬ್ಯಾಟರಿ. ವಿಂಡೋಸಿನ ಬ್ಯಾಟರಿ ವರದಿ ತೆಗೆಸಿ, ಹುಟ್ಟಿದಾಗಿನ ಶಕ್ತಿಯಲ್ಲಿ ಈಗೆಷ್ಟು ಉಳಿದಿದೆ ಓದಿ. ಮುಕ್ಕಾಲಿಗಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ದುಡ್ಡು ಮುರಿದುಕೊಂಡು ಚೌಕಾಶಿ ಮಾಡಿ.

9. ರಿಪೇರಿಗೆ ಹುಬ್ಬಳ್ಳಿ

ಹೊಸದು ಕೊಳ್ಳುವುದಾದರೆ ಮನೆಬಾಗಿಲಿಗೆ ಬಂದು ರಿಪೇರಿ ಮಾಡುವ ವಾರಂಟಿ ನಿಮ್ಮ ಪಿನ್‌ಕೋಡಿಗೆ ಉಂಟೋ ಕೇಳಿ. ಇಲ್ಲವೆಂದರೆ ಹುಬ್ಬಳ್ಳಿಗೆ ಎರಡು ಖೇಪು ಲೆಕ್ಕಕ್ಕೆ ಹಿಡಿಯಿರಿ, ಒಮ್ಮೆ ಕೊಡಲು, ಒಮ್ಮೆ ತರಲು. ಆಡಿಟ್ ಹೊತ್ತಿನಲ್ಲಿ ಒಂದು ಖೇಪು ಎಂದರೆ ಒಂದು ಸಂಘದ ದಿನ ಹೋಯಿತು.

10. ಎರಡು ಪ್ರತಿ

ಮೊಬೈಲ್ ಸಿಗ್ನಲ್ ನಂಬಿ ಕಡತಗಳನ್ನು ಮೋಡದಲ್ಲಿ ಮಾತ್ರ ಇಡಬೇಡಿ. ಯಂತ್ರದಲ್ಲೊಂದು, ಅಂಗಿ ಕಿಸೆಯ ಪೆನ್‌ಡ್ರೈವಿನಲ್ಲಿ ಇನ್ನೊಂದು.

ಈ ತಿಂಗಳು ಯಾರಾದರೂ ಲ್ಯಾಪ್‌ಟಾಪ್ ಕೊಳ್ಳಲು ಹೊರಟಿದ್ದರೆ ದಿನಾ ಹೊರುವ ಬ್ಯಾಗು, ಟೋಕನ್ನು, ಪೆನ್‌ಡ್ರೈವು, ಮೊಬೈಲಿನ ಟೈಪ್–ಸಿ ವಾಯರು ಎಲ್ಲ ಒಯ್ಯಿರಿ. ಅರ್ಧ ತಾಸು ಅಲ್ಲೇ ಕೂತು ಕೆಲಸ ಮಾಡಿರಿ. ಅಂಗಡಿಯವ ಮುಖ ಸಿಂಡರಿಸಿದರೆ ಪಕ್ಕದ ಅಂಗಡಿಗೆ ನಡೆಯಿರಿ.