ಫ್ಲಾಪ್ ಹೊರಬರದಿದ್ದರೆ? – ಚಲನಶಕ್ತಿಯ ಪಾಠದಲ್ಲೊಂದು ತಪ್ಪು ಉತ್ತರ

ಹೊಸನಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ಚಲನಶಕ್ತಿಯ ಪಾಠ ಮಾಡುತ್ತಿದ್ದೆ. ಪೀಠಿಕೆಗೆ ಇಳಿಯುತ್ತಿರುವ ವಿಮಾನದ ಚಿತ್ರ ತೋರಿಸಿದೆ. ಹುಡುಗಿಯೊಬ್ಬಳು ಎದ್ದು, “ಮೇಡಂ, ರೆಕ್ಕೆ ಹಿಂದಿನ ಆ ಹಲಗೆ ಹೊರಗೆ ಬರದೇ ಇದ್ರೆ?” ಎಂದಳು. ಅವಳ ಅಣ್ಣ ದುಬೈನಿಂದ ಮುಂದಿನ ವಾರ ಮಂಗಳೂರಿಗೆ ಬರುವವನಿದ್ದ. ನಾನು ಅವಸರದಲ್ಲಿ, “ಆಗ ವಿಮಾನ ಬಿದ್ದೇ ಹೋಗುತ್ತೆ” ಎಂದು ಮುಂದೆ ಹೋದೆ. ಆಮೇಲೆ ಅವಳು ಏನೂ ಬರೆದುಕೊಳ್ಳಲಿಲ್ಲ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಇಷ್ಟೆ: “ಉತ್ತರ ತಪ್ಪು. ಮಗುವಿಗೆ ಭಯ ಉಳಿಯಿತು.”

ಮರುದಿನ ತಪ್ಪನ್ನು ಹೇಳಿಕೊಂಡೇ ಪಾಠ ಶುರು ಮಾಡಿದೆ. ಫ್ಲಾಪ್ ಚಾಚಿದಾಗ ರೆಕ್ಕೆಯ ವಿಸ್ತೀರ್ಣವೂ ಬಾಗೂ ಹೆಚ್ಚುತ್ತವೆ. ಕಡಿಮೆ ವೇಗದಲ್ಲೂ ವಿಮಾನವನ್ನು ಎತ್ತಿಹಿಡಿಯುವಷ್ಟು ಬಲ ಸಿಗುತ್ತದೆ. ಅದು ಹೊರಬರದಿದ್ದರೆ ಹೆಚ್ಚು ವೇಗದಲ್ಲಿ ಇಳಿಯಬೇಕು, ಅಷ್ಟೆ. ಪೈಲಟ್ ಅವಸರ ಮಾಡುವುದಿಲ್ಲ. ಇಳಿಯುವುದನ್ನು ಬಿಟ್ಟು ಮೇಲೇರಿ, ಸುತ್ತು ಹಾಕುತ್ತಾ, ಕ್ರಮಪಟ್ಟಿ ನೋಡಿ ಹೊಸ ವೇಗವನ್ನೂ ಬೇಕಾದ ರನ್‌ವೇ ಉದ್ದವನ್ನೂ ಲೆಕ್ಕ ಹಾಕುತ್ತಾರೆ. ಒಂದೇ ಕಡೆಯ ಫ್ಲಾಪ್ ಹೊರಬಂದರೆ ವಿಮಾನ ವಾಲುತ್ತದೆ. ಆದ್ದರಿಂದ ದೊಡ್ಡ ವಿಮಾನಗಳಲ್ಲಿ ಎರಡೂ ಕಡೆ ವ್ಯತ್ಯಾಸ ಕಂಡೊಡನೆ ಚಲನೆಯನ್ನೇ ನಿಲ್ಲಿಸುವ ವ್ಯವಸ್ಥೆ ಇರುತ್ತದೆ.

ಆ ಲೆಕ್ಕವನ್ನು ಮಕ್ಕಳಿಗೇ ಕೊಟ್ಟೆ. ಎಂದಿನ ವೇಗ ಗಂಟೆಗೆ 240 ಕಿ.ಮೀ., ಫ್ಲಾಪ್ ಇಲ್ಲದೆ 320 ಎಂದಿಟ್ಟುಕೊಳ್ಳಿ. ಬ್ರೇಕಿನ ಬಲ ಅಷ್ಟೇ ಇದ್ದರೆ ನಿಲ್ಲುವ ದೂರ ಎಷ್ಟು ಪಟ್ಟು? ಹೆಚ್ಚಿನವರು ಮೂರರಲ್ಲೊಂದು ಪಾಲು ಹೆಚ್ಚು ಎಂದರು. ವೇಗದ ವರ್ಗ ಮರೆತಿತ್ತು. ನಾಲ್ಕರ ವರ್ಗ 16, ಮೂರರ ವರ್ಗ 9. ಅಂದರೆ ಸುಮಾರು 1.8 ಪಟ್ಟು. 1,200 ಮೀಟರಿನಲ್ಲಿ ನಿಲ್ಲುವ ವಿಮಾನಕ್ಕೆ ಈಗ 2,133 ಮೀಟರ್ ಬೇಕು. ಮಂಗಳೂರಿನ ರನ್‌ವೇ 2,450 ಮೀಟರ್. “ಸಾಕಲ್ಲ ಮೇಡಂ!” ಎಂದಿತು ತರಗತಿ. ಹಿಂದಿನ ಬೆಂಚಿನ ಹುಡುಗ ಕೇಳಿದ: “ಚಕ್ರ ಅಂಚಲ್ಲೇ ಮುಟ್ಟುತ್ತಾ?” ಮುಟ್ಟುವುದಿಲ್ಲ, ಮುನ್ನೂರು ಮೀಟರಾದರೂ ಒಳಗೆ. ಉಳಿದದ್ದೆಲ್ಲ ಅಲ್ಲಿಗೇ ಹೋಯಿತು. ಮಂಗಳೂರಿನದು ಗುಡ್ಡದ ಮೇಲಿನ ರನ್‌ವೇ ಬೇರೆ. ಶಿವಮೊಗ್ಗ ಸೋಗಾನೆಯದು 3,200, ಬೆಂಗಳೂರಿನದು 4,000 ಎಂದು ಬರೆದೆ. “ಬೆಂಗಳೂರಿಗೇ ಹೋಗ್ಲಿ” ಎಂದರು. ಇಂಧನ ಸಾಕೇ ಎಂಬ ಪ್ರಶ್ನೆಯೂ ಬಂತು. ಬೇರೆ ನಿಲ್ದಾಣಕ್ಕೆ ಹೋಗುವಷ್ಟು ಇಂಧನ ಇಟ್ಟುಕೊಂಡೇ ಹೊರಟಿರುತ್ತಾರೆ. ಆದರೆ ಫ್ಲಾಪ್ ಅರ್ಧ ಚಾಚಿ ಸಿಕ್ಕಿಕೊಂಡಿದ್ದರೆ ಗಾಳಿಯ ತಡೆ ಹೆಚ್ಚಿ ಖರ್ಚೂ ಹೆಚ್ಚುತ್ತದೆ.

ಇದೇ ಪಾಠವನ್ನು ಸಾಗರದಲ್ಲಿ ಸಹಪಾಠಿಯೊಬ್ಬರು ಸೈಕಲ್ ಬ್ರೇಕಿನಿಂದ, ತೀರ್ಥಹಳ್ಳಿಯಲ್ಲಿ ಇನ್ನೊಬ್ಬರು ಆಗುಂಬೆ ಘಾಟಿಯ ಬಸ್ಸಿನಿಂದ ಆರಂಭಿಸಿದ್ದರು. ಸೈಕಲ್ ಚೆನ್ನಾಗಿ ಒಪ್ಪುತ್ತದೆ. ಘಾಟಿಯಲ್ಲಿ ಇಳಿಜಾರಿನ ಎಳೆತವೂ ಸೇರಿ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆಂದು ನನ್ನ ಅನಿಸಿಕೆ.

ಗಂಟೆ ಹೊಡೆದ ಮೇಲೆ ಆ ಹುಡುಗಿ ಮೇಜಿನ ಹತ್ತಿರ ಬಂದಳು. ಲೆಕ್ಕವನ್ನು ಪೂರ್ತಿ ಬರೆದಿದ್ದಳು. “ಅಣ್ಣಂಗೆ ಫೋನಲ್ಲಿ ಹೇಳ್ತೀನಿ ಮೇಡಂ. ರನ್‌ವೇ ಒದ್ದೆ ಇದ್ರೆ ಎಷ್ಟಾಗುತ್ತೆ?” ಅದಕ್ಕೆ ಮುಂದಿನ ಅವಧಿ ಇಟ್ಟುಕೊಂಡೆ.