ಹಟ್ಟಿಯ ಲೆಕ್ಕ ಮೊಬೈಲಿನಲ್ಲಿ

ಕಡಿಯಾಳಿಯ ಅಕ್ಕಂದಿರೇ, ಸಂಘದ ಲೆಕ್ಕದಲ್ಲಿ ನೀವು ಹಾಕಿದ ಒಟ್ಟು ಹಾಲು ಸಿಗುತ್ತದೆ. ಯಾವ ದನ ಎಷ್ಟು ಕೊಟ್ಟಿತೆಂದು ಸಿಗುವುದಿಲ್ಲ. ಅದಕ್ಕೆ ಮೊಬೈಲಿನ ಗೂಗಲ್ ಶೀಟ್ಸ್ ಸಾಕು. ಎ ಕಾಲಮ್ಮಿನಲ್ಲಿ ತಾರೀಕು, ಬಿಯಲ್ಲಿ ದನದ ಹೆಸರು, ಸಿಯಲ್ಲಿ ಕರೆದ ಹಾಲು (ಮನೆಗೆ ಇಟ್ಟದ್ದೂ ಸೇರಿ), ಡಿಯಲ್ಲಿ ಹಿಂಡಿಯ ಖರ್ಚು. ಹಾಲಿಗೆ 6 ಎಂದಷ್ಟೇ ಬರೆಯಿರಿ. ‘6 ಲೀಟರ್’ ಎಂದು ಬರೆದರೆ ಅದು ಅಂಕಿಯಲ್ಲ, ಅಕ್ಷರ, ಕೂಡುವಾಗ ಬಿಟ್ಟುಹೋಗುತ್ತದೆ.

ಕೆಳಗೆ ‘ಸಮ್’ ಸೂತ್ರ ಹಾಕಿದರೆ ಒಟ್ಟು ಬರುತ್ತದೆ. ಇದು ಕೈಗೆ ಕೂತ ಮೇಲೆ ‘ಸಮ್‌ಇಫ್’ ಕಲಿಯಿರಿ: ಗೌರಿ ಎಂದು ಕೊಟ್ಟರೆ ಗೌರಿಯ ಹಾಲನ್ನಷ್ಟೇ ಕೂಡುತ್ತದೆ. ಹೆಸರು ಮಾತ್ರ ಪ್ರತಿಸಲ ಒಂದೇ ರೀತಿ ಇರಲಿ.

ಒಂದು ತಿಂಗಳ ನಷ್ಟ ನೋಡಿ ದನ ಮಾರಲು ಹೊರಡಬೇಡಿ. ಗಬ್ಬದ ದನ ಬತ್ತಿದಾಗ ಖರ್ಚೇ ಹೆಚ್ಚು. ಒಂದು ಕರುವಿನಿಂದ ಮುಂದಿನ ಕರುವಿನವರೆಗೆ ಕೂಡಿ ನೋಡಿ.